ಮೊದಲು ಕಾಲು, ಆಮೇಲೆ ಕೈ: ಏಟು ತಪ್ಪಿಸಿಕೊಳ್ಳುವುದನ್ನು ಕಲಿಯುವುದು ಹೇಗೆ

ಕರಾಟೆಯಲ್ಲಿ ಆರು ತಿಂಗಳು ದಿನಾ ಬ್ಲಾಕ್, ಅಂದರೆ ಏಟನ್ನು ಕೈಯಿಂದ ತಡೆಯುವುದನ್ನು, ಅಭ್ಯಾಸ ಮಾಡಿದ ಮೇಲೆ ಮೊದಲ ಸಲ ಫ್ರೀ ಸ್ಪಾರಿಂಗ್‌ಗೆ, ಅಂದರೆ ಮೊದಲೇ ಏನೂ ಗೊತ್ತು ಮಾಡದ ಅಭ್ಯಾಸದ ಕಾದಾಟಕ್ಕೆ, ಇಳಿದಿದ್ದೆ. ಎದುರಿನವನು ಹೊಡೆದದ್ದು ಒಂದು ಸಾದಾ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು. ಅದರಲ್ಲಿ ವಿಶೇಷ ವೇಗವೇನೂ ಇರಲಿಲ್ಲ. ನಾನು ಕಲಿತ ಹಾಗೇ ಕೈಯನ್ನು ಸೊಂಟದ ಹತ್ತಿರ ಎಳೆದು, ಎದೆಯ ಮುಂದೆ ಅಡ್ಡ ತಂದು, ಮೇಲಕ್ಕೆ ಎತ್ತುವಷ್ಟರಲ್ಲಿ ಏಟು ಮೂಗಿಗೆ ಬಿದ್ದಾಗಿತ್ತು, ಅವನ ಕೈ ವಾಪಸ್ ಹೋಗಿ ಗದ್ದದ ಪಕ್ಕ ಕೂತೂ ಆಗಿತ್ತು. ಕಣ್ಣಲ್ಲಿ ನೀರು. ಆಮೇಲಿನ ಎರಡು ನಿಮಿಷವೂ ಅದೇ ಜ್ಯಾಬ್, ಅದೇ ಮೂಗು.

ಬ್ಲಾಕ್‌ನಲ್ಲಿ ತಪ್ಪಿರಲಿಲ್ಲ. ನಾನು ಕಲಿತ ಕಡೆ ಜೊತೆಗಾರ "ಒಂದು" ಅಂತ ಎಣಿಸಿ, ಮೊದಲೇ ಗೊತ್ತಿದ್ದ ಕೈಯಲ್ಲಿ, ಮೊದಲೇ ಗೊತ್ತಿದ್ದ ಜಾಗಕ್ಕೆ ಹೊಡೆದು, ಕೈ ಚಾಚಿಕೊಂಡು ಹಾಗೇ ನಿಂತುಬಿಡುತ್ತಿದ್ದ. ನಿಂತ ಕೈಯನ್ನು ತಳ್ಳುವುದು ನನಗೆ ಚೆನ್ನಾಗಿ ಬರುತ್ತಿತ್ತು. ಬರುತ್ತಿರುವ ಕೈಯನ್ನು ನಾನು ನೋಡಿಯೇ ಇರಲಿಲ್ಲ.

ಆಮೇಲೆ ಕರಾಟೆ ಜೊತೆಗೆ ಬಾಕ್ಸಿಂಗ್ ಕಲಿತೆ, ಸ್ವಲ್ಪ ಜೂಡೋ ಕಲಿತೆ, ಹೊಸಬರಿಗೆ ಕಲಿಸಿದೆ. ಇಷ್ಟರಲ್ಲಿ ನನಗೆ ಗಟ್ಟಿಯಾಗಿ ಮನದಟ್ಟಾದದ್ದು ಒಂದು ಸಾಲು. ನಮ್ಮನ್ನು ಏಟಿನಿಂದ ಉಳಿಸುವುದು ಮೊದಲು ದೂರ, ಆಮೇಲೆ ಕಾಲು, ಆಮೇಲೆ ತಲೆ ಮತ್ತು ಸೊಂಟ, ಎಲ್ಲಕ್ಕಿಂತ ಕೊನೆಗೆ ಕೈ. ಹೆಚ್ಚಿನವರು ಕಲಿಯುವುದು ಮಾತ್ರ ಕೊನೆಯಿಂದ ಮೊದಲಿಗೆ. ಈ ಬರಹದಲ್ಲಿ ಸರಿಯಾದ ಸಾಲಿನಲ್ಲೇ ಹೋಗೋಣ.

ಕೈ ಯಾಕೆ ತಡವಾಗುತ್ತದೆ

ಕಣ್ಣಿಗೆ ಏನೋ ಕಂಡು, ಅದಕ್ಕೆ ಮೈ ಅಲುಗಲು ಶುರುವಾಗುವುದಕ್ಕೆ ಸುಮಾರು 0.2ರಿಂದ 0.25 ಸೆಕೆಂಡ್ ಬೇಕು. ಇದು ಏನು ಮಾಡಬೇಕು ಅಂತ ಮೊದಲೇ ಗೊತ್ತಿದ್ದಾಗಿನ ಲೆಕ್ಕ. ಕೈಗೆಟಕುವ ದೂರದಲ್ಲಿ ನಿಂತು ಪಳಗಿದವನೊಬ್ಬ ಹೊಡೆಯುವ ಜ್ಯಾಬ್ ನಿಮ್ಮ ಮುಖ ಮುಟ್ಟುವುದಕ್ಕೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಕೆಲವೊಮ್ಮೆ ಅದಕ್ಕಿಂತ ಕಮ್ಮಿ. ಅಂದರೆ ನಿಮ್ಮ ಕೈ ಹೊರಡುವ ಹೊತ್ತಿಗೆ ಅವನ ಕೈ ಬಂದು ತಲುಪಿರುತ್ತದೆ.

ಇನ್ನೊಂದು ತೊಡಕಿದೆ. ಮುಂದೆ ಇರುವ ಆಯ್ಕೆಗಳು ಜಾಸ್ತಿಯಾದಷ್ಟೂ ತೀರ್ಮಾನ ತಡವಾಗುತ್ತದೆ. ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲಿ ಇದನ್ನು ಅಳೆದು ತೋರಿಸಿದರು, ಇವತ್ತಿಗೂ ಅದಕ್ಕೆ ಹಿಕ್ ನಿಯಮ ಅನ್ನುತ್ತಾರೆ. ಎಡಗೈ ಏಟಿಗೆ ಒಂದು ಬ್ಲಾಕ್, ಬಲಗೈ ಏಟಿಗೆ ಇನ್ನೊಂದು, ಹೊಟ್ಟೆಗೆ ಬಂದರೆ ಮತ್ತೊಂದು, ಹೀಗೆ ಹನ್ನೆರಡು ಬ್ಲಾಕ್ ತಲೆಯಲ್ಲಿ ತುಂಬಿಕೊಂಡವನು ಯಾವುದು ಅಂತ ಹುಡುಕುವಷ್ಟರಲ್ಲೇ ಏಟು ತಿಂದಿರುತ್ತಾನೆ. ಅದಕ್ಕೇ ನಾನು ಹೊಸಬರಿಗೆ ಹೇಳುವುದು: ಮೂರು ನಾಲ್ಕು ಸಾಕು, ಆದರೆ ಅವು ನಿದ್ದೆಗಣ್ಣಲ್ಲೂ ಬರಬೇಕು.

ಹಾಗಾದರೆ ಈ ಕಾಲು ಸೆಕೆಂಡನ್ನು ಗೆಲ್ಲುವುದು ಹೇಗೆ? ಕೈಯ ವೇಗ ಹೆಚ್ಚಿಸಿ ಗೆಲ್ಲಲು ಆಗುವುದಿಲ್ಲ. ಅವನಿಗೆ ಹೊತ್ತು ಜಾಸ್ತಿ ಹಿಡಿಯುವ ಹಾಗೆ ಮಾಡಬೇಕು. ಅದನ್ನು ಮಾಡುವುದು ದೂರ.

ದೂರ

ಎದುರಿನವನು ನಿಂತಲ್ಲಿಂದಲೇ ಕೈ ಚಾಚಿದರೆ ನಿಮ್ಮ ಮುಖ ಸಿಗಬಾರದು. ಅವನು ಒಂದು ಹೆಜ್ಜೆ ಮುಂದೆ ಇಟ್ಟರೆ ಮಾತ್ರ ಸಿಗಬೇಕು. ಇದೊಂದೇ ಅಳತೆ ಸಾಕು. ಯಾಕೆಂದರೆ ಕೈ ಎಷ್ಟೇ ಚುರುಕಾಗಿದ್ದರೂ ಹೆಜ್ಜೆ ಅಷ್ಟು ಚುರುಕಲ್ಲ, ಹೆಜ್ಜೆ ಇಡುವಾಗ ಭುಜ, ಸೊಂಟ, ತಲೆ ಎಲ್ಲವೂ ಅಲುಗುತ್ತವೆ, ಅದು ಕಣ್ಣಿಗೆ ಕಾಣುತ್ತದೆ. ಯಾರಾದರೂ ಜಗಳ ತೆಗೆದು ಹತ್ತಿರ ಬರುತ್ತಿದ್ದರೆ ಮಾತಾಡುತ್ತಲೇ ಅರ್ಧ ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಾ ಈ ಅಳತೆಯನ್ನು ಕಾಯ್ದುಕೊಳ್ಳಿ. ಅವನು ಮತ್ತೆ ಮತ್ತೆ ಆ ದೂರವನ್ನು ಮುರಿಯುತ್ತಿದ್ದಾನೆ ಅಂದರೆ ಅದೇ ನಿಮಗೆ ಸಿಗುವ ಮೊದಲ ಎಚ್ಚರಿಕೆ.

ಕೈ ಎಲ್ಲಿರಬೇಕು? ಎರಡೂ ಅಂಗೈ ತೆರೆದು, ಎದೆಯ ಎತ್ತರಕ್ಕೆ, ಅವನ ಕಡೆಗೆ ತೋರಿಸಿ. "ಅಣ್ಣಾ, ಬೇಡ, ಸಮಾಧಾನ ಮಾಡ್ಕೊಳಿ" ಅನ್ನುವಾಗ ಕೈ ತಾನಾಗೇ ಹೋಗುತ್ತದಲ್ವಾ, ಅದೇ ಜಾಗ. ನೋಡುವವರಿಗೆ ಇದು ಜಗಳ ಬೇಡ ಅನ್ನುವ ಸನ್ನೆ. ನಿಮಗೆ ಇದು ಗಾರ್ಡ್, ಅಂದರೆ ಕಾವಲು. ಬ್ರಿಟನ್ನಿನಲ್ಲಿ ಬೌನ್ಸರ್ ಆಗಿದ್ದ ಜೆಫ್ ಥಾಂಪ್ಸನ್ ಇದಕ್ಕೆ ಫೆನ್ಸ್, ಅಂದರೆ ಬೇಲಿ, ಅನ್ನುವ ಹೆಸರು ಕೊಟ್ಟು ಹರಡಿದರು. ಹೆಸರು ಚೆನ್ನಾಗಿದೆ, ಏಕೆಂದರೆ ಈ ಕೈಗಳು ಹೊಡೆಯುವುದಕ್ಕೆ ಎತ್ತಿದ್ದಲ್ಲ, ಒಳಗೆ ಬರುವ ದಾರಿಗೆ ಅಡ್ಡ ಹಾಕಿದ್ದು. ಮುಷ್ಟಿ ಕಟ್ಟಿ ನಿಂತರೆ ಜಗಳ ಅಲ್ಲೇ ಹೊತ್ತಿಕೊಳ್ಳುತ್ತದೆ. ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡರೆ ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಕಣ್ಣು ಎಲ್ಲಿರಬೇಕು ಅಂತಲೂ ತುಂಬಾ ಜನ ಕೇಳುತ್ತಾರೆ. ಅವನ ಕಣ್ಣಿನಲ್ಲಿ ಕಣ್ಣಿಟ್ಟರೆ ಹೆದರಿಕೆ ಹುಟ್ಟುತ್ತದೆ, ಕೈಯನ್ನೇ ನೋಡುತ್ತಿದ್ದರೆ ಇನ್ನೊಂದು ಕೈ ಕಾಣುವುದಿಲ್ಲ. ಎರಡು ಭುಜ ಮತ್ತು ಎದೆಯ ನಡುಭಾಗ ಸೇರಿದರೆ ಒಂದು ತ್ರಿಕೋನ ಆಗುತ್ತದೆ, ನೋಟವನ್ನು ಅಲ್ಲಿ ಸಡಿಲವಾಗಿ ಬಿಡಿ. ಯಾವ ಏಟೂ ಭುಜ ಅಲುಗದೆ ಬರುವುದಿಲ್ಲ, ಒದೆಯುವಾಗಲೂ ಸೊಂಟದ ಜೊತೆ ಭುಜ ತಿರುಗುತ್ತದೆ. ಕಳರಿಪಯಟ್ಟಿನಲ್ಲಿ ಮೈಯೇ ಕಣ್ಣಾಗಬೇಕು ಅನ್ನುವ ಮಾತಿದೆ. ನಾವೂ ಮೈಯೆಲ್ಲ ಕಣ್ಣಾಗಿರು ಅನ್ನುತ್ತೇವೆ. ಎರಡೂ ಹೇಳುವುದು ಒಂದೇ: ಒಂದು ಕಡೆ ನೆಟ್ಟ ಕಣ್ಣಿಗಿಂತ ಎಲ್ಲವನ್ನೂ ಸವರಿಕೊಂಡಿರುವ ಕಣ್ಣು ಬೇಗ ಹಿಡಿಯುತ್ತದೆ.

ನಿಲುವು, ಗದ್ದ, ಹಲ್ಲು

ಒಂದು ಕಾಲು ಮುಂದೆ, ಇನ್ನೊಂದು ಹಿಂದೆ, ನಡುವೆ ಭುಜದಷ್ಟು ಅಗಲ. ಎರಡೂ ಮೊಣಕಾಲು ಸ್ವಲ್ಪ ಸಡಿಲ. ಹಿಂದಿನ ಕಾಲಿನ ಹಿಮ್ಮಡಿ ನೆಲದಿಂದ ಒಂದು ಬೆರಳು ಮೇಲೆ. ಗದ್ದ ಕೆಳಗೆ, ಗದ್ದಕ್ಕೂ ಎದೆಗೂ ನಡುವೆ ಒಂದು ಚೆಂಡು ಹಿಡಿದುಕೊಂಡ ಹಾಗೆ. ಹಲ್ಲು ಕಚ್ಚಿರಲಿ. ಬಾಯಿ ತೆರೆದಿರುವಾಗ ಗದ್ದಕ್ಕೆ ಏಟು ಬಿದ್ದರೆ ದವಡೆ ಮುರಿಯುವ ಅಪಾಯ ಹೆಚ್ಚು, ನಾಲಿಗೆಯನ್ನೂ ಕಚ್ಚಿಕೊಳ್ಳುತ್ತೀರಿ. ಗದ್ದ ಮೇಲಿದ್ದರೆ ತಲೆ ಗಿರಕಿ ಹೊಡೆಯುತ್ತದೆ, ಪ್ರಜ್ಞೆ ತಪ್ಪಿಸುವುದು ಹೆಚ್ಚಾಗಿ ಆ ಗಿರಕಿಯೇ. ಉಸಿರು ಹಿಡಿಯಬೇಡಿ. ಏಟು ಮೈಗೆ ಬೀಳುವ ಹೊತ್ತಿಗೆ "ಹಾ" ಅಂತ ಚಿಕ್ಕದಾಗಿ ಬಿಟ್ಟರೆ ಹೊಟ್ಟೆ ತಾನೇ ಬಿಗಿಯಾಗುತ್ತದೆ.

ಕಾಲು

ಹೆದರಿದವರು ನೇರ ಹಿಂದಕ್ಕೆ ಹೋಗುತ್ತಾರೆ. ಒಂದು ಹೆಜ್ಜೆಗೆ ಅದು ಸರಿ. ಎರಡನೆಯ ಹೆಜ್ಜೆಯಿಂದ ಅದು ಸೋಲು, ಯಾಕೆಂದರೆ ಮುಂದೆ ಓಡುವವನ ವೇಗ ಹಿಂದೆ ನಡೆಯುವವನಿಗೆ ಯಾವತ್ತೂ ಬರುವುದಿಲ್ಲ, ಹಿಂದೆ ಏನಿದೆ ಅಂತಲೂ ಕಾಣುವುದಿಲ್ಲ, ಎಡವಿ ಬೀಳುವುದು ಖಾತ್ರಿ.

ಓರೆಯಾಗಿ ಸರಿಯಿರಿ. ಗಡಿಯಾರದ ನಡುವೆ ನೀವು ನಿಂತಿದ್ದೀರಿ, ಅವನು ಹನ್ನೆರಡರ ಕಡೆಯಿಂದ ಬರುತ್ತಿದ್ದಾನೆ ಅಂದುಕೊಳ್ಳಿ. ನೀವು ಹೋಗಬೇಕಾದ್ದು ಹತ್ತು ಅಥವಾ ಎರಡರ ಕಡೆಗೆ, ಅಂದರೆ ಪಕ್ಕಕ್ಕೆ ಮತ್ತು ಸ್ವಲ್ಪ ಮುಂದಕ್ಕೆ. ಮುಂದಕ್ಕೆ ಹೋಗುವುದು ಹುಚ್ಚುತನ ಅನ್ನಿಸಬಹುದು, ಆದರೆ ಮಾಡಿ ನೋಡಿ. ಅವನ ಏಟು ನೀವು ಇದ್ದ ಜಾಗಕ್ಕೆ ಹೋಗುತ್ತದೆ, ನೀವು ಅವನ ಭುಜದ ಪಕ್ಕದಲ್ಲಿ ಇರುತ್ತೀರಿ, ಅವನ ಇನ್ನೊಂದು ಕೈ ನಿಮ್ಮನ್ನು ತಲುಪುವುದಿಲ್ಲ. ಜಪಾನಿನ ಸಮರಕಲೆ ಐಕಿಡೋದಲ್ಲಿ ಇದನ್ನು ಇರಿಮಿ ಅನ್ನುತ್ತಾರೆ, ಒಳಗೆ ಹೋಗುವುದು ಅಂತ ಅರ್ಥ. ಹಾಗೆ ಒಳಗೆ ಹೋಗಿ ನಿಂತ ಕಾಲ ಮೇಲೆ ತಿರುಗಿದರೆ ತೆಂಕಾನ್.

ನಿಯಮ ಒಂದೇ. ಯಾವ ಕಡೆ ಹೋಗುತ್ತೀರೋ ಆ ಕಡೆಯ ಕಾಲು ಮೊದಲು ಹೊರಡಬೇಕು. ಎಡಕ್ಕೆ ಹೋಗುವುದಾದರೆ ಎಡಗಾಲು ಮೊದಲು, ಬಲಗಾಲು ಹಿಂದಿನಿಂದ. ಕಾಲಿಗೆ ಕಾಲು ಅಡ್ಡ ಬಂದ ಆ ಒಂದು ಗಳಿಗೆಯಲ್ಲಿ ತಳ್ಳಿದರೂ ಸಾಕು ಬೀಳುತ್ತೀರಿ. ದಿನಾ ಐದು ನಿಮಿಷ ಸುಮ್ನೆ ಕೋಣೆಯಲ್ಲಿ ಈ ಹೆಜ್ಜೆಯನ್ನೇ ಹಾಕಿ, ಕೈ ಬೇಡ, ಏಟು ಬೇಡ. ಬೇಜಾರಿನ ಕೆಲಸ. ಆದರೆ ಇದೊಂದನ್ನು ಮಾಡಿದವರು ಬೇರೆಯವರಿಗಿಂತ ಬೇಗ ಮುಂದೆ ಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ತಲೆ ತಪ್ಪಿಸುವುದು

ಇದನ್ನು ಬಾಕ್ಸಿಂಗ್‌ನವರಷ್ಟು ಚೆನ್ನಾಗಿ ಬೇರೆ ಯಾರೂ ಬೆಳೆಸಿಲ್ಲ. ಮುಖ್ಯವಾದವು ಎರಡು.

ಸ್ಲಿಪ್ ಅಂದರೆ ನೇರ ಬರುವ ಏಟಿಗೆ ತಲೆಯನ್ನು ಅದರ ದಾರಿಯಿಂದ ಸರಿಸುವುದು. ಎಷ್ಟು ಸರಿಸಬೇಕು? ಏಟು ಕಿವಿಯ ಪಕ್ಕದಲ್ಲಿ ಹೋಗುವಷ್ಟು, ಅಷ್ಟೇ. ಹೊಸಬರು ಒಂದು ಅಡಿ ವಾಲುತ್ತಾರೆ, ಆಗ ತೂಕವೆಲ್ಲ ಒಂದೇ ಕಾಲಿಗೆ ಹೋಗಿ ಎರಡನೆಯ ಏಟಿಗೆ ಸಿಕ್ಕಿಬೀಳುತ್ತಾರೆ. ಕುತ್ತಿಗೆಯನ್ನು ಬಗ್ಗಿಸಬೇಡಿ. ಭುಜ ತಿರುಗಲಿ, ಮೊಣಕಾಲು ಸ್ವಲ್ಪ ಕುಸಿಯಲಿ, ತಲೆ ಅವುಗಳ ಜೊತೆ ಹೋಗಲಿ. ಅವನ ಬಲಗೈ ನೇರ ಬಂದರೆ ನಿಮ್ಮ ಎಡಕ್ಕೆ, ಅವನ ಎಡಗೈ ಬಂದರೆ ನಿಮ್ಮ ಬಲಕ್ಕೆ. ಹಾಗೆ ಹೋದರೆ ಅವನ ತೋಳಿನ ಹೊರಗಡೆ ಇರುತ್ತೀರಿ, ಅಲ್ಲಿಗೆ ಅವನ ಇನ್ನೊಂದು ಕೈ ಬರುವುದು ಕಷ್ಟ.

ವೀವ್ ಅಂದರೆ ಸುತ್ತಿ ಬರುವ ಏಟಿನ ಅಡಿಯಲ್ಲಿ ನುಸುಳುವುದು. ಮೊಣಕಾಲು ಬಗ್ಗಿಸಿ ಕುಸಿದು, ಅವನ ತೋಳಿನ ಕೆಳಗೆ ಹಾದು, ಆಚೆ ಕಡೆ ಎದ್ದು ನಿಲ್ಲಬೇಕು. ತಲೆ ಹೋದ ದಾರಿ ಒಂದು ತೊಟ್ಟಿಲಿನ ಬಾಗಿನ ಹಾಗಿರಬೇಕು. ಸೊಂಟ ಬಗ್ಗಿಸಿ ನೆಲ ನೋಡಿದಿರೋ, ಮೊಣಕಾಲಿನ ಒದೆತ ನೇರ ಮುಖಕ್ಕೆ. ಕಣ್ಣು ಅವನ ಎದೆಯನ್ನು ಬಿಡಬಾರದು. 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಪರ್ನೆಲ್ ವಿಟೇಕರ್ ಅವರ ಹಳೆಯ ಪಂದ್ಯಗಳು ಸಿಕ್ಕರೆ ನೋಡಿ, ಮುಖವನ್ನು ಬಿಟ್ಟು ಮೊಣಕಾಲನ್ನು ಮಾತ್ರ ನೋಡಿ. ತಪ್ಪಿಸಿಕೊಳ್ಳುವ ಕೆಲಸವೆಲ್ಲ ಅಲ್ಲೇ ನಡೆಯುತ್ತಿರುತ್ತದೆ. ಬಾಕ್ಸಿಂಗ್ ತರಬೇತುದಾರ ಕಸ್ ಡಿಅಮಾಟೊ ಗರಡಿಯಲ್ಲಿ ಬೆಳೆದ ಮೈಕ್ ಟೈಸನ್ 1986ರಲ್ಲಿ, 20ನೆಯ ವಯಸ್ಸಿಗೇ, ಹೆವಿವೇಟ್ ಚಾಂಪಿಯನ್ ಆದಾಗ ಜನ ಅವರ ಏಟಿನ ಬಗ್ಗೆಯೇ ಮಾತಾಡಿದರು. ಎತ್ತರದ ಎದುರಾಳಿಗಳ ಹತ್ತಿರಕ್ಕೆ ಆ ಏಟನ್ನು ಒಯ್ದದ್ದು ಮಾತ್ರ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು ತಲೆ ಆಡಿಸುತ್ತಾ ಮುಂದೆ ಹೋಗುತ್ತಿದ್ದ ಆ ರೀತಿ.

ಸೊಂಟದಿಂದ ಹಿಂದಕ್ಕೆ ವಾಲಿ ತಪ್ಪಿಸಿಕೊಳ್ಳುವುದನ್ನು ಹೊಸಬರು ಬಿಟ್ಟುಬಿಡಿ. ಮುಹಮ್ಮದ್ ಅಲಿ ಅದನ್ನು ಮಾಡುತ್ತಿದ್ದರು, ಅವರಿಗಿದ್ದ ಕಣ್ಣಳತೆ ಮತ್ತು ಕಾಲು ನಮಗಿಲ್ಲ.

ಕೊನೆಗೆ ಕೈ

ಕೈ ಕೊನೆಯದು ಅಂದೆ, ಬೇಡ ಅಂದಿಲ್ಲ. ದೂರ ಮುರಿದು ಹೋದಾಗ, ಕಾಲು ಸಿಕ್ಕಿಹಾಕಿಕೊಂಡಾಗ, ಗೋಡೆ ಬೆನ್ನಿಗೆ ಬಂದಾಗ ಕೈಯೇ ಗತಿ.

ಎಲ್ಲಕ್ಕಿಂತ ಕಡಿಮೆ ಖರ್ಚಿನದು ಪ್ಯಾರಿ. ನೇರ ಬರುವ ಏಟನ್ನು ಅದೇ ಕಡೆಯ ಅಂಗೈಯಿಂದ ಸ್ವಲ್ಪ ತಟ್ಟಿ ದಾರಿ ತಪ್ಪಿಸುವುದು. ಚೀನಾದ ಸಮರಕಲೆ ವಿಂಗ್ ಚುನ್‌ನಲ್ಲಿ ಇದಕ್ಕೆ ಹತ್ತಿರದ್ದು ಪಾಕ್ ಸಾವ್. ತಟ್ಟುವ ಕೈ ನಿಮ್ಮ ಮುಖದ ಅಗಲಕ್ಕಿಂತ ಆಚೆ ಹೋಗಬಾರದು. ಏಟನ್ನು ಹುಡುಕಿಕೊಂಡು ಕೈ ಮುಂದೆ ಚಾಚಬೇಡಿ, ಅದು ನಿಮ್ಮ ಹತ್ತಿರ ಬರಲಿ. ಚಾಚುವ ಅಭ್ಯಾಸ ಇದ್ದವನಿಗೆ ಪಳಗಿದವರು ಒಂದು ಸುಳ್ಳು ಏಟು ತೋರಿಸುತ್ತಾರೆ, ಇವನ ಕೈ ಆಚೆ ಹೋದ ಕೂಡಲೇ ತೆರೆದ ಜಾಗಕ್ಕೆ ನಿಜವಾದದ್ದು ಬರುತ್ತದೆ.

ಇನ್ನು ಕರಾಟೆಯ ಬ್ಲಾಕ್‌ಗಳು. ಮೇಲಿನ ಏಟಿಗೆ ಆಗೆ ಉಕೆ, ನಡುವಿನ ಏಟಿಗೆ ಸೋತೊ ಉಕೆ ಮತ್ತು ಉಚಿ ಉಕೆ, ಕೆಳಗಿನ ಏಟಿಗೆ ಗೆದಾನ್ ಬರಾಯ್. ನನ್ನ ಮೂಗಿನ ಕಥೆ ಕೇಳಿ ಇವೆಲ್ಲ ದಂಡ ಅಂದುಕೊಳ್ಳಬೇಡಿ. ನಾನೂ ಸ್ವಲ್ಪ ದಿನ ಹಾಗೆ ಅಂದುಕೊಂಡಿದ್ದೆ, ಅದು ನನ್ನ ತಪ್ಪು. ಉಕೆ ಅನ್ನುವ ಮಾತು ಬಂದದ್ದು ಉಕೆರು ಅನ್ನುವ ಜಪಾನಿ ಕ್ರಿಯಾಪದದಿಂದ, ಅದರ ಅರ್ಥ ಬರಮಾಡಿಕೊಳ್ಳುವುದು, ತೆಗೆದುಕೊಳ್ಳುವುದು. ತಡೆಯುವುದು ಅಂತ ಅಲ್ಲ. ಈ ಒಂದು ಅರ್ಥ ಗೊತ್ತಾದ ಮೇಲೆ ಇಡೀ ಚಲನೆಯೇ ಬೇರೆ ಕಾಣುತ್ತದೆ. ಬ್ಲಾಕ್‌ಗೆ ಮೊದಲು ಒಂದು ಕೈ ಎದೆಯ ಮುಂದೆ ಅಡ್ಡ ಹೋಗುತ್ತದಲ್ಲ, ಅದನ್ನು ನಾವು ತಯಾರಿ ಅಂದುಕೊಂಡಿದ್ದೆವು. ಅನುಭವಿ ಗುರುಗಳು ತೋರಿಸುವುದು ಬೇರೆ: ಆ ಅಡ್ಡ ಹೋಗುವ ಕೈಯೇ ಏಟನ್ನು ತಟ್ಟಿ ಬರಮಾಡಿಕೊಳ್ಳುತ್ತದೆ, ಹಿಂದಿನಿಂದ ಬರುವ ಎರಡನೆಯ ಕೈ ಅವನ ತೋಳನ್ನು ತೆಗೆದುಕೊಂಡು ಆಚೆ ನೂಕುತ್ತದೆ ಅಥವಾ ಹೊಡೆಯುತ್ತದೆ, ಸೊಂಟಕ್ಕೆ ಎಳೆಯುವ ಕೈ ಅವನ ಮಣಿಕಟ್ಟನ್ನು ಹಿಡಿದು ಎಳೆಯುತ್ತದೆ. ಮೂರೂ ಒಂದೇ ಉಸಿರಿನಲ್ಲಿ. ಹೈಆನ್ ಹೆಸರಿನ ಐದೂ ಕಾತಾಗಳು, ಅಂದರೆ ಒಬ್ಬರೇ ಮಾಡುವ ಗೊತ್ತಾದ ಚಲನೆಗಳ ಸಾಲುಗಳು, ಶುರುವಾಗುವುದು ಬ್ಲಾಕ್‌ನಿಂದಲೇ. ಇವತ್ತಿನ ಕರಾಟೆಯ ಪಿತಾಮಹ ಅನ್ನಿಸಿಕೊಂಡ ಗಿಚಿನ್ ಫುನಾಕೋಶಿ (1868–1957) ತಮ್ಮ ಶಿಷ್ಯರಿಗೆ ಬಿಟ್ಟುಹೋದ ಸೂತ್ರಗಳಲ್ಲಿ ಕರಾಟೆಯಲ್ಲಿ ಮೊದಲ ಏಟು ಇಲ್ಲ ಅನ್ನುವುದೂ ಒಂದು. ಕಾತಾದ ಬ್ಲಾಕನ್ನು ಬಿಡಬೇಡಿ, ಆದರೆ ಮೊದಲ ಕೈಗೂ ಕೆಲಸ ಕೊಡಿ.

ಮೂರನೆಯದು ಮುಚ್ಚಿಕೊಳ್ಳುವುದು, ಕವರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಲಿಯದವನು ಕೋಪದಲ್ಲಿ ಹೊಡೆಯುವ ಏಟು ಹೆಚ್ಚಾಗಿ ನೇರ ಬರುವುದಿಲ್ಲ. ಬಲಗೈಯನ್ನು ದೂರದಿಂದ ಬೀಸಿ, ಸುತ್ತಿ, ನಿಮ್ಮ ಎಡ ಕಿವಿಯ ಕಡೆಗೆ ತರುತ್ತಾನೆ. ಅದಕ್ಕೆ ಹೀಗೆ ಮಾಡಿ.

ನಿಮ್ಮ ಎಡ ಅಂಗೈ ಎಡ ಕಿವಿಯ ಹಿಂದಕ್ಕೆ ಹೋಗಲಿ, ತಲೆಗೂದಲು ಹಿಂದಕ್ಕೆ ಬಾಚಿಕೊಳ್ಳುವಾಗ ಕೈ ಹೋಗುವ ಹಾಗೆ. ಅಂಗೈ ತಲೆಗೆ ಅಂಟಿಕೊಂಡೇ ಇರಬೇಕು. ತಲೆಗೂ ಕೈಗೂ ನಡುವೆ ಸಂದು ಇದ್ದರೆ ಅವನ ಏಟಿಗೆ ನಿಮ್ಮ ಕೈಯೇ ನಿಮ್ಮ ತಲೆಗೆ ಬಡಿಯುತ್ತದೆ. ಮೊಣಕೈ ಮುಂದಕ್ಕೆ, ಅವನ ಎದೆಯ ಕಡೆಗೆ ಚೂಪಾಗಿ ತೋರಿಸಲಿ. ಗದ್ದ ನಿಮ್ಮದೇ ತೋಳಿನ ಒಳಗೆ ಅಡಗಲಿ. ಬಲಗೈ ಮುಖದ ಮುಂದೆ. ಇಷ್ಟು ಮಾಡಿ ನಿಂತಲ್ಲೇ ನಿಲ್ಲಬೇಡಿ, ಒಂದು ಹೆಜ್ಜೆ ಮುಂದೆ ಅವನ ಎದೆಗೆ ನುಗ್ಗಿ. ಬೀಸಿ ಬರುವ ಕೈಯ ಬಲವೆಲ್ಲ ತುದಿಯಲ್ಲಿ, ಮುಷ್ಟಿಯಲ್ಲಿ ಇರುತ್ತದೆ. ನೀವು ಒಳಗೆ ಹೋದರೆ ಮುಷ್ಟಿ ನಿಮ್ಮ ತಲೆಯ ಹಿಂದೆ ಗಾಳಿಯಲ್ಲಿ ಹೋಗುತ್ತದೆ, ನಿಮಗೆ ತಾಗುವುದು ಅವನ ತೋಳಿನ ಮೆತ್ತನೆಯ ಭಾಗ. ಅಲ್ಲಿಂದ ಎರಡೂ ಕೈಯಲ್ಲಿ ಅವನನ್ನು ತಳ್ಳಿ, ಓರೆಯಾಗಿ ಹೊರಗೆ ಬಂದು, ಓಡಿ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ ಮೈಗೆ ಇದು ಮೊದಲೇ ಗೊತ್ತು. ಏನಾದರೂ ಧಡ್ ಅಂದಾಗ ಎಲ್ಲರೂ ಮಾಡುವುದು ಇದನ್ನೇ: ಭುಜ ಮೇಲೆ, ತಲೆ ಕೆಳಗೆ, ಕೈ ಮುಖಕ್ಕೆ. ಬೆಚ್ಚಿಬೀಳುವ ಆ ಚಲನೆಯನ್ನೇ ಸ್ವಲ್ಪ ತಿದ್ದಿ ತೀಡಿದರೆ ಕವರ್ ಆಯಿತು. ಇಸ್ರೇಲಿನ ಆತ್ಮರಕ್ಷಣೆಯ ಪದ್ಧತಿ ಕ್ರಾವ್ ಮಗಾ ತನ್ನ ಮೊದಲ ಪಾಠಗಳನ್ನು ಕಟ್ಟಿಕೊಂಡಿರುವುದೂ ಇಂಥ ಸಹಜ ಚಲನೆಗಳ ಮೇಲೆಯೇ. ಮೈಗೆ ಒಗ್ಗಿದ್ದಕ್ಕೆ ವಿರುದ್ಧ ಹೋಗುವ ಬ್ಲಾಕ್ ಎಷ್ಟೇ ಚೆಂದ ಇದ್ದರೂ ಗಾಬರಿಯಲ್ಲಿ ಬರುವುದಿಲ್ಲ.

ಒಂದು ಎಚ್ಚರಿಕೆ. ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡು ಎರಡು ಕೈಯ ಹಿಂದೆ ಅಡಗುವುದನ್ನು ಕಲಿತವರು ಬರಿಗೈಯಲ್ಲೂ ಹಾಗೇ ನಿಲ್ಲುತ್ತಾರೆ. ಸ್ಪಾರಿಂಗ್‌ಗೆ ಬಳಸುವ 16 ಔನ್ಸ್ ಗ್ಲೌಸ್ ಒಂದು ದಿಂಬಿನ ಹಾಗೆ, ಅದರ ಹಿಂದೆ ಮುಖ ಅಡಗುತ್ತದೆ. ಬರಿಗೈಯ ಸಂದಿನಲ್ಲಿ ಮುಷ್ಟಿ ಆರಾಮಾಗಿ ನುಗ್ಗುತ್ತದೆ. ಬರಿಗೈಯಲ್ಲಿ ಮೊಣಕೈಯೇ ಗುರಾಣಿ. ಅವನ ಬೆರಳಿನ ಗಂಟುಗಳು ನಿಮ್ಮ ಮೊಣಕೈಗೆ ಬಡಿದರೆ ಪೆಟ್ಟಾಗುವುದು ಅವನಿಗೆ. ಕಿರುಬೆರಳಿನ ಕೆಳಗಿನ ಅಂಗೈ ಮೂಳೆ ಮುರಿಯುವುದಕ್ಕೆ ಬಾಕ್ಸರ್ ಫ್ರಾಕ್ಚರ್ ಅನ್ನುವ ಹೆಸರೇ ಇದೆ.

ಒದೆತ

ಕಾಲಿನ ತೂಕಕ್ಕೆ ಕೈ ಸಾಟಿಯಲ್ಲ. ಬರುವ ಒದೆತಕ್ಕೆ ಒಂದೇ ಕೈಯ ಮುಂಗೈ ಅಡ್ಡ ಹಿಡಿದರೆ ಮೂಳೆ ಹೋಗುತ್ತದೆ. ತೊಡೆಗೆ ಸುತ್ತಿ ಬರುವ ಒದೆತಕ್ಕೆ ಮುಯ್ ಥಾಯ್‌ನವರು, ಅಂದರೆ ಥಾಯ್ಲೆಂಡಿನ ಬಾಕ್ಸಿಂಗ್‌ನವರು, ಮಾಡುವ ಚೆಕ್ ಕಲಿಯಿರಿ: ಆ ಕಡೆಯ ಕಾಲನ್ನು ಎತ್ತಿ, ಮೊಣಕಾಲು ಸ್ವಲ್ಪ ಹೊರಕ್ಕೆ ತಿರುಗಿಸಿ, ಕಾಲ್ಬೆರಳು ಮೇಲಕ್ಕೆ ಎಳೆದು, ಮೊಣಕಾಲಿನ ಸ್ವಲ್ಪವೇ ಕೆಳಗಿನ ಗಟ್ಟಿ ಮೂಳೆಯಲ್ಲಿ ಏಟು ತೆಗೆದುಕೊಳ್ಳುವುದು. ಇದರ ಬಲ ಎಷ್ಟು ಅಂತ ಗೊತ್ತಾಗಬೇಕಾದರೆ 2013ರ ಡಿಸೆಂಬರ್ ನೆನಪಿಸಿಕೊಳ್ಳಿ. ಮಿಶ್ರ ಸಮರಕಲೆಯ (ಎಂಎಂಎ) ಪಂದ್ಯವೊಂದರಲ್ಲಿ ಆಂಡರ್ಸನ್ ಸಿಲ್ವಾ ಒದ್ದರು, ಕ್ರಿಸ್ ವೈಡ್‌ಮನ್ ಚೆಕ್ ಮಾಡಿದರು, ಒದ್ದ ಸಿಲ್ವಾ ಅವರ ಕಾಲೇ ಮುರಿಯಿತು. 2021ರಲ್ಲಿ ಅದೇ ವೈಡ್‌ಮನ್ ಯೂರಾಯ ಹಾಲ್ ಅವರಿಗೆ ಒದ್ದು, ಅವರು ಚೆಕ್ ಮಾಡಿ, ಈ ಸಲ ವೈಡ್‌ಮನ್ ಕಾಲು ಮುರಿಯಿತು. ಅಭ್ಯಾಸದಲ್ಲಿ ಇಬ್ಬರೂ ಶಿನ್ ಗಾರ್ಡ್ (ಮೊಣಕಾಲಿನ ಕೆಳಗಿನ ಮೂಳೆಗೆ ಕಟ್ಟುವ ಮೆತ್ತೆ) ಕಟ್ಟಿಕೊಳ್ಳದೆ ಇದನ್ನು ಮಾಡಲೇಬೇಡಿ.

ಚೆಕ್ ಬರದಿದ್ದರೆ? ಮುಂದೆ ನುಗ್ಗಿ. ಕಾಲಿನದೂ ಕೈಯ ಲೆಕ್ಕವೇ, ಪಾದದಲ್ಲಿರುವ ಬಲ ತೊಡೆಯಲ್ಲಿ ಇರುವುದಿಲ್ಲ. ನೇರ ಹೊಟ್ಟೆಗೆ ಬರುವ ಒದೆತಕ್ಕೆ ಓರೆ ಹೆಜ್ಜೆಯೇ ಸಾಕು.

ದೊಣ್ಣೆ ಮತ್ತು ಚಾಕು

ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುವ ಗಾದೆಯನ್ನು ನಾವು ಬೇರೆ ಬೇರೆ ಕಷ್ಟಗಳಿಗೆ ಬಳಸುತ್ತೇವೆ. ನಿಜವಾದ ದೊಣ್ಣೆಗೂ ಅದು ಸರಿಯಾದ ಪಾಠವೇ. ಅದು ತಪ್ಪಿಸಿಕೊಂಡರೆ ಅನ್ನುತ್ತದೆ, ತಡೆದರೆ ಅನ್ನುವುದಿಲ್ಲ. ದೊಣ್ಣೆಗೆ ಮುಂಗೈ ಅಡ್ಡ ಕೊಟ್ಟು ಕಿರುಬೆರಳಿನ ಕಡೆಯ ಮೂಳೆ ಮುರಿದುಕೊಳ್ಳುವುದು ಎಷ್ಟು ಸಾಮಾನ್ಯ ಅಂದರೆ ವೈದ್ಯರು ಅದನ್ನು ಲಾಠಿ ಏಟಿನ ಹೆಸರಿನಲ್ಲೇ, ನೈಟ್‌ಸ್ಟಿಕ್ ಫ್ರಾಕ್ಚರ್ ಅಂತ, ಕರೆಯುತ್ತಾರೆ. ದೊಣ್ಣೆಯ ತುದಿ ಎಲ್ಲಕ್ಕಿಂತ ವೇಗ, ಹಿಡಿ ಎಲ್ಲಕ್ಕಿಂತ ನಿಧಾನ. ಹಾಗಾಗಿ ಎರಡೇ ಜಾಗ: ತುದಿ ಮುಟ್ಟದಷ್ಟು ದೂರ, ಇಲ್ಲವೇ ಅವನ ಹಿಡಿಗೆ ಅಂಟಿಕೊಂಡಷ್ಟು ಹತ್ತಿರ. ನಡುವೆ ನಿಂತರೆ ತಲೆ ಒಡೆಯುತ್ತದೆ. ಅದು ಒಮ್ಮೆ ಬೀಸಿ ಹಾದುಹೋಗಲಿ, ಮತ್ತೆ ಹಿಂದಕ್ಕೆ ಎತ್ತುವ ಗಳಿಗೆಯಲ್ಲಿ ಓಡುವುದೋ ನುಗ್ಗುವುದೋ ತೀರ್ಮಾನಿಸಿ. ಓಡಲು ದಾರಿ ಇದ್ದರೆ ಓಡಿ.

ಚಾಕುವಿನ ಬಗ್ಗೆ ನನಗೆ ಹೇಳಲು ಇರುವುದು ಸ್ವಲ್ಪವೇ. ಓಡಿ. ಹಣ ಕೇಳಿದರೆ ಕೊಟ್ಟು ಓಡಿ. ಅಮೆರಿಕದ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೆಕ್ಕ ಮುಂದಿಟ್ಟರು: ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು 1.5 ಸೆಕೆಂಡಿನಲ್ಲಿ ಓಡಿ ಬಂದುಬಿಡುತ್ತಾನೆ, ಪಳಗಿದ ಪೊಲೀಸನೊಬ್ಬ ಬಂದೂಕು ತೆಗೆದು ಹಾರಿಸುವುದಕ್ಕೆ ಬೇಕಾಗುವಷ್ಟೇ ಹೊತ್ತಿನಲ್ಲಿ. ಬಂದೂಕು ಇದ್ದವನ ಗತಿಯೇ ಹಾಗಿರುವಾಗ ಬರಿಗೈಯಲ್ಲಿ ಚಾಕು ಕಸಿಯುವುದನ್ನು ಸಲೀಸಾಗಿ ತೋರಿಸುವ ಪಾಠಗಳು ನನಗೆ ಹೆದರಿಕೆ ಹುಟ್ಟಿಸುತ್ತವೆ. ಓಡಲು ಆಗದಿದ್ದರೆ ಚೀಲ, ಕುರ್ಚಿ, ಸುತ್ತಿದ ಬಟ್ಟೆ, ಏನಾದರೂ ನಡುವೆ ತನ್ನಿ. ಮುಂಗೈ ಒಡ್ಡಲೇಬೇಕಾಗಿ ಬಂದರೆ ಅದರ ಹೊರಬದಿ ಒಡ್ಡಿ, ಒಳಬದಿಯಲ್ಲಿ ದೊಡ್ಡ ರಕ್ತನಾಳಗಳಿವೆ.

ಬೀಳುವುದೂ ಒಂದು ರಕ್ಷಣೆ

ಒಂದೇ ಏಟಿಗೆ ಪ್ರಾಣ ಹೋದ ಪ್ರಕರಣಗಳಲ್ಲಿ ತಲೆ ಒಡೆಯುವುದು ಹೆಚ್ಚಾಗಿ ಮುಷ್ಟಿಯಿಂದ ಅಲ್ಲ, ಬಿದ್ದಾಗ ನೆಲಕ್ಕೆ ಬಡಿದು. ಜಿಗೊರೊ ಕಾನೊ 1882ರಲ್ಲಿ ಕೊಡೋಕಾನ್ ಶಾಲೆ ಶುರು ಮಾಡಿ ಕಟ್ಟಿದ ಜೂಡೋದಲ್ಲಿ ಎಸೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ, ಅದಕ್ಕೆ ಉಕೆಮಿ ಅನ್ನುತ್ತಾರೆ. ಅಲ್ಲೂ ಅದೇ ಉಕೆರು, ನೆಲವನ್ನು ಬರಮಾಡಿಕೊಳ್ಳುವುದು. ಹಿಂದಕ್ಕೆ ಬೀಳುವಾಗ ಕುಕ್ಕರುಗಾಲಿನಷ್ಟು ಕುಸಿದು, ಗದ್ದ ಎದೆಗೆ ಒತ್ತಿ, ಬೆನ್ನು ಬಿಲ್ಲಿನ ಹಾಗೆ ದುಂಡಗೆ ಮಾಡಿ ಉರುಳಬೇಕು. ಕೈಗಳು ಮೈಯಿಂದ ಓರೆಯಾಗಿ ಹರಡಿ ನೆಲಕ್ಕೆ ತಟ್ಟಬೇಕು. ಕೈ ಹಿಂದಕ್ಕೆ ಊರಿದರೆ ಮಣಿಕಟ್ಟು ಹೋಗುತ್ತದೆ. ಮೆತ್ತನೆಯ ಮ್ಯಾಟ್ ಮೇಲೆ, ಕೂತ ನಿಲುವಿನಿಂದ ಶುರು ಮಾಡಿ. ಗದ್ದ ಒತ್ತುವುದು ಮರೆಯದ ಹಾಗಾಗುವವರೆಗೆ ನಿಂತು ಬೀಳಬೇಡಿ. ವಯಸ್ಸಾದ ಮೇಲೆ ಜಾರಿ ಬಿದ್ದಾಗ ಕೆಲಸಕ್ಕೆ ಬರುವುದೂ ಇದೊಂದೇ ವಿದ್ಯೆ.

ಅಭ್ಯಾಸ ಹೇಗೆ

ಒಬ್ಬ ಹುಡುಗಿಗೆ ಕಲಿಸುತ್ತಿದ್ದೆ. ಹೆಜ್ಜೆ ಚೆನ್ನಾಗಿತ್ತು, ಕವರ್ ಚೆನ್ನಾಗಿತ್ತು, ಆದರೆ ಕೈ ಮುಖದ ಹತ್ತಿರ ಬಂದರೆ ಸಾಕು ಕಣ್ಣು ಮುಚ್ಚಿ ಮುಖ ತಿರುಗಿಸಿಬಿಡುತ್ತಿದ್ದಳು. ಕಣ್ಣು ಮುಚ್ಚಬೇಡ ಅಂತ ಹೇಳಿ ಪ್ರಯೋಜನವಿಲ್ಲ, ಅದು ಮಾತಿಗೆ ಬಗ್ಗುವಂಥದ್ದಲ್ಲ. ನಾನು ಮೆತ್ತನೆಯ ಗ್ಲೌಸ್ ಹಾಕಿ, ಆಮೆಯಷ್ಟು ನಿಧಾನವಾಗಿ ಅವಳ ಹಣೆಯ ಕಡೆಗೆ ಕೈ ತಂದು ಸುಮ್ನೆ ಮುಟ್ಟಿಸಿದೆ. ಗ್ಲೌಸ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂಕಿ ಬರೆದಿದ್ದೆ. ಅವಳು ಮಾಡಬೇಕಾಗಿದ್ದು ಇಷ್ಟೇ, ಗ್ಲೌಸ್ ಹಣೆಗೆ ತಾಗುವ ಮೊದಲು ಅಂಕಿ ಓದಿ ಹೇಳುವುದು. ಮೊದಲ ದಿನ ಹತ್ತಕ್ಕೆ ಎರಡು. ಮೂರನೆಯ ವಾರಕ್ಕೆ ಹತ್ತಕ್ಕೆ ಹತ್ತು, ಅದೂ ಎರಡು ಪಟ್ಟು ವೇಗದಲ್ಲಿ. ಆಮೇಲೆ ನಾನು ಏನೂ ಹೇಳದೆಯೇ ಅವಳು ಸ್ಲಿಪ್ ಮಾಡತೊಡಗಿದಳು. ಕಣ್ಣು ತೆರೆದಿದ್ದರೆ ತಲೆಗೆ ದಾರಿ ತಾನೇ ಗೊತ್ತಾಗುತ್ತದೆ.

ಇನ್ನೊಂದು ಆಟ, ಭುಜ ಮುಟ್ಟುವುದು. ಇಬ್ಬರೂ ಎದುರುಬದುರು, ತೆರೆದ ಅಂಗೈ, ಒಬ್ಬರ ಭುಜವನ್ನು ಇನ್ನೊಬ್ಬರು ಮುಟ್ಟಬೇಕು, ಮುಟ್ಟಿಸಿಕೊಳ್ಳಬಾರದು. ಏಟಿನ ಹೆದರಿಕೆ ಇಲ್ಲದೆ ದೂರ, ಹೆಜ್ಜೆ, ಪ್ಯಾರಿ ಮೂರೂ ಇದರಲ್ಲಿ ಬರುತ್ತವೆ. ವೀವ್‌ಗೆ ಎದೆಯ ಎತ್ತರಕ್ಕೆ ಒಂದು ಹಗ್ಗ ಕಟ್ಟಿ, ಅದರ ಅಡಿಯಲ್ಲಿ ಆ ಕಡೆ ಈ ಕಡೆ ನುಸುಳುತ್ತಾ ಮುಂದೆ ಹೋಗಿ. ಮೂರು ನಿಮಿಷಕ್ಕೆ ತೊಡೆ ಉರಿಯತೊಡಗುತ್ತದೆ, ಉರಿಯದಿದ್ದರೆ ಸೊಂಟ ಬಗ್ಗಿಸುತ್ತಿದ್ದೀರಿ ಅಂತ ಅರ್ಥ.

ಸ್ಪಾರಿಂಗ್ ಬೇಕೇ ಬೇಕು, ಆದರೆ ಅರ್ಧ ವೇಗದಲ್ಲಿ, ಮೌತ್‌ಗಾರ್ಡ್ ಹಾಕಿ. ಒಂದು ಸುತ್ತಿನಲ್ಲಿ ನೀವು ಹೊಡೆಯಲೇಬಾರದು, ತಪ್ಪಿಸಿಕೊಳ್ಳುವುದು ಮಾತ್ರ. ಜೊತೆಗಾರ ಎಣಿಸಿ ಹೊಡೆಯಬಾರದು, ಹೊಡೆದ ಕೈಯನ್ನು ಚಾಚಿ ನಿಲ್ಲಿಸಬಾರದು. ತಲೆಗೆ ಗಟ್ಟಿ ಏಟು ಬಿದ್ದ ದಿನ ಮತ್ತೆ ಸ್ಪಾರಿಂಗ್ ಬೇಡ, ಯಾರು ಎಷ್ಟೇ ಹುರಿದುಂಬಿಸಿದರೂ ಬೇಡ.

ನಿಜವಾದ ಜಗಳದಿಂದ ಪಾರಾಗಿ ಬಂದ ಮೇಲೆ ಮಾಡಬೇಕಾದದ್ದು ಒಂದಿದೆ, ಇದನ್ನು ಯಾರೂ ಕಲಿಸುವುದಿಲ್ಲ. ಬೆಳಕಿರುವ, ಜನ ಇರುವ ಜಾಗ ಸೇರಿದ ಕೂಡಲೇ ಎರಡೂ ಕೈಯಿಂದ ಕುತ್ತಿಗೆ, ಕಂಕುಳು, ಪಕ್ಕೆ, ಹೊಟ್ಟೆ, ತೊಡೆಯ ಒಳಬದಿ ಸವರಿಕೊಳ್ಳಿ. ಪ್ರತಿ ಸಲ ಸವರಿದ ಮೇಲೂ ಅಂಗೈ ನೋಡಿ. ಆ ಹೊತ್ತಿನ ಉದ್ವೇಗದಲ್ಲಿ ಚಾಕು ತಾಗಿದ್ದೂ ಎಷ್ಟೋ ಜನರಿಗೆ ಗೊತ್ತಾಗಿರುವುದಿಲ್ಲ, ಗುದ್ದು ಅಂದುಕೊಂಡಿರುತ್ತಾರೆ. ರಕ್ತ ಕಂಡರೆ ಅಲ್ಲೇ ಗಟ್ಟಿಯಾಗಿ ಒತ್ತಿ ಹಿಡಿದು ಸಹಾಯಕ್ಕೆ ಕೂಗಿ. ತಲೆಗೆ ಏಟು ಬಿದ್ದಿದ್ದರೆ ಒಬ್ಬರೇ ಹೋಗಿ ಮಲಗಬೇಡಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಾತು ತೊದಲುವುದು, ವಿಪರೀತ ಮಂಪರು, ಇದರಲ್ಲಿ ಒಂದು ಕಂಡರೂ ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ.